ಹಸಿದವನಿಗೆ ನಕ್ಷತ್ರವೇಕೆ?

2022ರ ಜುಲೈ ತಿಂಗಳ ಒಂದು ಬೆಳಗ್ಗೆ. ಡೊಂಬಿವಲಿಯಿಂದ ದಾದರಿಗೆ ಹೊರಟ ಲೋಕಲ್ ಗಾಡಿಯಲ್ಲಿ ನಾವಿಬ್ಬರು ಹಳೆಯ ಸ್ನೇಹಿತರು ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದುತ್ತಿದ್ದೆವು. ಮಾಟುಂಗದಲ್ಲಿ ಒಂದು ಸಭೆಯಿತ್ತು. ಪತ್ರಿಕೆಯ ಮುಖಪುಟದಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದ ಮೊದಲ ಚಿತ್ರ ಅಚ್ಚಾಗಿತ್ತು. ಕೈಚಾಚಿ ಹಿಡಿದ ಒಂದು ಮರಳಿನ ಕಣ ಎಷ್ಟು ಆಕಾಶವನ್ನು ಮರೆಮಾಡೀತೋ ಅಷ್ಟೇ ಜಾಗದಲ್ಲಿ ಸಾವಿರಾರು ಗೆಲಾಕ್ಸಿಗಳು. ನಾನು ಕನ್ನಡಕ ಸರಿಪಡಿಸಿಕೊಂಡು ಮತ್ತೆ ಮತ್ತೆ ನೋಡುತ್ತಿದ್ದೆ. ಸ್ನೇಹಿತರು ಒಮ್ಮೆ ನೋಡಿ ಪತ್ರಿಕೆಯನ್ನು ಮಡಿಸಿದರು.

"ಅಲ್ಲ ಮಾರಾಯ್ರೆ, ಇದಕ್ಕೆ ಸಾವಿರ ಕೋಟಿ ಡಾಲರು ಸುರಿದಿದ್ದಾರಂತೆ. ದಾದರಿನಲ್ಲಿ ಇಳಿದರೆ ಸೇತುವೆಯ ಕೆಳಗೆ ಮಲಗಿದವರನ್ನು ದಾಟಿಕೊಂಡೇ ನಾವು ಹೋಗಬೇಕು. ಹಸಿದವನಿಗೆ ಈ ನಕ್ಷತ್ರ ಯಾಕೆ, ಹೇಳಿ?"

ನಾನು ಆಗ ಉತ್ತರ ಹೇಳಲಿಲ್ಲ. ಹೇಳಬಹುದಾದ ಉತ್ತರಗಳು ಇರಲಿಲ್ಲವೆಂದಲ್ಲ. ಅವು ನನಗೇ ಸಾಲದೆಂದು ತೋರಿದವು. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಬಡತನದ ನಡುವೆ ಬದುಕುವ ಯಾವ ಮನುಷ್ಯನೂ ಒಮ್ಮೆಯಾದರೂ ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು.

ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. ಒಂದು, ಖರ್ಚು ನಾವು ತಿಳಿದಷ್ಟಿಲ್ಲ ಎನ್ನುವುದು. ನಮ್ಮ ದೇಶದ್ದೇ ಆದ ಆಸ್ಟ್ರೋಸ್ಯಾಟ್ ಎಂಬ ವೀಕ್ಷಣಾಲಯಕ್ಕೆ ತಗಲಿದ ವೆಚ್ಚ ಸುಮಾರು 178 ಕೋಟಿ ರೂಪಾಯಿ. 2009ರಲ್ಲಿ ತೆರೆದ ಬಾಂದ್ರಾ-ವರಳಿ ಸಮುದ್ರ ಸೇತುವೆಗೆ ತಗಲಿದ್ದು ಸುಮಾರು 1,600 ಕೋಟಿ. ಎರಡನೆಯದು, ಇಂಥ ಸಂಶೋಧನೆಗಳಿಂದ ಮುಂದೊಂದು ದಿನ ಯಾವುದಾದರೂ ಉಪಯೋಗ ಆಗಿಯೇ ಆಗುತ್ತದೆ ಎನ್ನುವುದು. ಎರಡೂ ಸುಳ್ಳಲ್ಲ. ಆದರೆ ಅಗ್ಗವಾಗಿದೆ ಎಂಬ ಕಾರಣಕ್ಕೆ ಅನಗತ್ಯವಾದದ್ದು ಅಗತ್ಯವಾಗುವುದಿಲ್ಲ. ಮುಂದೊಂದು ದಿನದ ಉಪಯೋಗವನ್ನು ತೋರಿಸಿ ಇಂದಿನ ಹಸಿವಿಗೆ ಸಮಾಧಾನ ಹೇಳುವುದೂ ಸಭ್ಯತೆಯಲ್ಲ. ಪ್ರಶ್ನೆ ನಿಜವಾಗಿ ಕೇಳುತ್ತಿರುವುದು ಬೇರೆ: ವಿಸ್ಮಯವೆನ್ನುವುದು ಹೊಟ್ಟೆ ತುಂಬಿದವರ ಸೊತ್ತೇ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು 1979ರ ಒಂದು ಭಾನುವಾರ. ಆಗ ನಾನು ಹಗಲು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಸಂಜೆ ಕನ್ನಡ ರಾತ್ರಿಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಹುಡುಗರು ಹೆಚ್ಚಿನವರು ಕುಂದಾಪುರ, ಉಡುಪಿ, ಕಾರ್ಕಳ ಕಡೆಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರಸಿ, ರಾತ್ರಿ ಶಾಲೆಗೆ ಬರುವವರು. 1977ರ ಮಾರ್ಚ್ 3ರಂದು ವರಳಿಯಲ್ಲಿ ನೆಹರೂ ತಾರಾಲಯ ತೆರೆದಿತ್ತಷ್ಟೆ. ಏಳು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವರ ಮಾಲೀಕರಿಂದ ಮೂರು ಗಂಟೆಯ ಬಿಡುವು ಕೇಳಿಕೊಂಡೆ. "ಆ ದುಡ್ಡಿನಲ್ಲಿ ನೋಟುಪುಸ್ತಕ ತೆಗೆಸಿಕೊಡಬಾರದೇ?" ಎಂದರು ಸಹೋದ್ಯೋಗಿಯೊಬ್ಬರು. ಪ್ರಶ್ನೆ ಆಗಲೂ ಇದೇ ಆಗಿತ್ತು.

ದೀಪಗಳು ಆರಿದವು. ಗುಮ್ಮಟದ ತುಂಬ ನಕ್ಷತ್ರಗಳು ಮೂಡಿದವು. ನನ್ನ ಎಡಕ್ಕೆ ಕುಳಿತಿದ್ದ ಹನ್ನೆರಡು ವರ್ಷದ ಹುಡುಗ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದ: "ಮಾಷ್ಟ್ರೇ, ಇದ್ ನಮ್ಮೂರ ಆಕಾಶ ಅಲ್ದಾ?"

ಆ ಒಂದು ಮಾತು ನನ್ನ ಅಹಂಕಾರವನ್ನು ಇಳಿಸಿತು. ಬಡ ಹುಡುಗರಿಗೆ ಇಲ್ಲದ್ದೊಂದನ್ನು ನಾನು ದಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವನಿಗೆ ಆ ಆಕಾಶ ಮೊದಲೇ ಇತ್ತು. ಊರಿನ ಅಂಗಳದಲ್ಲಿ ಚಾಪೆ ಹಾಸಿ ಮಲಗಿದಾಗ ಕಾಸಿಲ್ಲದೆ ಸಿಕ್ಕಿತ್ತು. ಅದನ್ನು ಕಳೆದುಕೊಂಡದ್ದು ಅವನು ನಮ್ಮ ಈ ನಗರಕ್ಕೆ, ಅದರ ದೀಪ ಹೊಗೆಗಳ ನಡುವೆ, ಹೋಟೆಲಿನ ಅಟ್ಟಕ್ಕೆ ಬಂದ ಮೇಲೆ. ಹಸಿದವನಿಗೆ ನಕ್ಷತ್ರ ಬೇಡವೆಂದು ತೀರ್ಮಾನಿಸುವವರು ನಾವು, ಉಂಡವರು. ಹಸಿದವನನ್ನು ಯಾರೂ ಕೇಳಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸೊಗಸಾಗಿ ಮುಗಿದೀತು. ಆದರೆ ನನ್ನ ಬಲಕ್ಕೆ ಇನ್ನೊಬ್ಬ ಹುಡುಗನಿದ್ದ. ಅವನು ದೀಪ ಆರಿದ ಎರಡು ನಿಮಿಷಕ್ಕೇ ನಿದ್ದೆಹೋದ. ಬೆಳಗಿನ ನಾಲ್ಕಕ್ಕೆ ಎದ್ದವನು. ತಂಪಾದ ಕತ್ತಲೆ, ಮೆತ್ತನೆಯ ಕುರ್ಚಿ. ಶನಿಯ ಬಳೆಗಳು ತಲೆಯ ಮೇಲೆ ಹಾದುಹೋದರೂ ಅವನಿಗೆ ತಿಳಿಯಲಿಲ್ಲ. ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಸ್ನೇಹಿತರ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಈ ಇಬ್ಬರು ಹುಡುಗರಿಗೂ ಒಪ್ಪುವಂತೆ ಹೇಳಬೇಕು.

ಮೊದಲು ಈ ದೂರದರ್ಶಕಗಳು ಮಾಡುವ ಕೆಲಸವೇನೆಂದು ನೋಡೋಣ. ನಮ್ಮ ತಲೆಯ ಮೇಲಿನ ವಾತಾವರಣ ತಾಯಿಯ ಸೆರಗಿನಂತೆ. ಆಕಾಶದಿಂದ ಬರುವ ಕ್ಷ-ಕಿರಣಗಳನ್ನೂ ಅತಿನೇರಿಳೆ ಕಿರಣಗಳಲ್ಲಿ ಬಹುಪಾಲನ್ನೂ ತಡೆದು ನಮ್ಮನ್ನು ಬದುಕಿಸುತ್ತದೆ. ಅದೇ ಕಾರಣಕ್ಕೆ ಆ ಕಿರಣಗಳು ತರುವ ಸುದ್ದಿಯನ್ನೂ ನಮ್ಮಿಂದ ಮರೆಮಾಡುತ್ತದೆ. ಆ ಸುದ್ದಿ ಬೇಕಾದರೆ ಸೆರಗಿನಾಚೆ ಹೋಗಬೇಕು. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದ ಕೊನೆಯಲ್ಲಿ ಹೈದರಾಬಾದಿನಿಂದ ದೊಡ್ಡ ಬೆಲೂನುಗಳಲ್ಲಿ ಉಪಕರಣಗಳನ್ನು ಕಟ್ಟಿ ಮೇಲೆ ಕಳುಹಿಸುತ್ತಿದ್ದುದು ಇದಕ್ಕಾಗಿಯೇ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟದಲ್ಲೂ ಒಂದು ಕ್ಷ-ಕಿರಣ ಉಪಕರಣವಿತ್ತು. ಆ ಉಪಗ್ರಹವನ್ನು ಕಟ್ಟಿದ ತಂಡದ ನಾಯಕರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. ವಿದ್ಯುತ್ತಿನ ತೊಂದರೆಯಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತುಹೋದವು. ನಾಲ್ವತ್ತು ವರ್ಷಗಳ ಅನಂತರ, 2015ರ ಸೆಪ್ಟೆಂಬರ್ 28ರಂದು, ಶ್ರೀಹರಿಕೋಟೆಯಿಂದ ಆಸ್ಟ್ರೋಸ್ಯಾಟ್ ಮೇಲೇರಿ 650 ಕಿಲೋಮೀಟರ್ ಎತ್ತರದಲ್ಲಿ ನೆಲೆಗೊಂಡಿತು. ಅದರ ಅತಿನೇರಿಳೆ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದದ್ದು. ಕ್ಷ-ಕಿರಣ ಉಪಕರಣಗಳಲ್ಲಿ ಮುಖ್ಯವಾದವು ಕೊಲಾಬಾದವು. ಕ್ಷ-ಕಿರಣ ಕನ್ನಡಿಗೆ ನೇರವಾಗಿ ಬಡಿದರೆ ಅದರಲ್ಲೇ ಇಂಗಿಹೋಗುತ್ತದೆ. ಓರೆಯಾಗಿ ಸವರಿಕೊಂಡು ಹೋದರೆ ಮಾತ್ರ ಪ್ರತಿಫಲಿಸುತ್ತದೆ. ಅದಕ್ಕಾಗಿ ಚಿನ್ನದ ಲೇಪ ಕೊಟ್ಟ ತೆಳು ಅಲ್ಯೂಮಿನಿಯಂ ಹಾಳೆಗಳನ್ನು ಒಂದರೊಳಗೊಂದು ಈರುಳ್ಳಿಯ ಸಿಪ್ಪೆಯಂತೆ ಜೋಡಿಸಿದರು. 5 ವರ್ಷಕ್ಕೆಂದು ಕಟ್ಟಿದ್ದು 10ನೆಯ ವರ್ಷವನ್ನೂ ದಾಟಿತು. 930 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಒಂದು ಗೆಲಾಕ್ಸಿಯ ಅತಿನೇರಿಳೆ ಬೆಳಕನ್ನು ಅದು ಹಿಡಿದದ್ದು 2020ರಲ್ಲಿ ಪ್ರಕಟವಾಯಿತು. ಆ ಬೆಳಕು ಹೊರಟಾಗ ನಮ್ಮ ಸೂರ್ಯನೇ ಇನ್ನೂ ಹುಟ್ಟಿರಲಿಲ್ಲ.

ಕೊಲಾಬಾದ ಮಾತು ಬಂದಾಗ ಕನ್ನಡಿಗರು ಮರೆಯಬಾರದ ಹೆಸರು ಬಿ. ವಿ. ಶ್ರೀಕಂಠನ್ ಅವರದು. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಹೋಮಿ ಭಾಭಾ ಅವರ ಕೈಕೆಳಗೆ ಸಂಶೋಧನೆ ನಡೆಸಿ, 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು. ವಿಶ್ವಕಿರಣಗಳ ಅಧ್ಯಯನಕ್ಕಾಗಿ ಅವರು ಮೊದಲು ಇಳಿದದ್ದು ಕೋಲಾರದ ಚಿನ್ನದ ಗಣಿಯ ಆಳಕ್ಕೆ. ಮೇಲಿನ ಬಂಡೆಯೇ ಅಲ್ಲಿ ಬೇಡದ ಕಣಗಳನ್ನು ಸೋಸುವ ಜರಡಿ. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಆಕಾಶವನ್ನು ತಿಳಿಯಲು ಪಾತಾಳಕ್ಕೆ ಇಳಿಯಬೇಕಾಯಿತು. ಆದರೆ ಆ ಪಾತಾಳವನ್ನು ತೋಡಿದವರು ವಿಜ್ಞಾನಿಗಳಲ್ಲ. ಚಿನ್ನಕ್ಕಾಗಿ ಬೆವರು ಸುರಿಸಿದ ಗಣಿಯ ಕೂಲಿಗಾರರು. ಒಬ್ಬನ ವಿಸ್ಮಯ ಇನ್ನೊಬ್ಬನ ದುಡಿಮೆಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕೆ?

ಇನ್ನೊಂದು ಸಂಗತಿಯನ್ನೂ ಹೇಳಬೇಕು. 1990ರಲ್ಲಿ ಮೇಲೇರಿದ ಹಬಲ್ ದೂರದರ್ಶಕದ ಕನ್ನಡಿ ಅಂಚಿನಲ್ಲಿ ಕೂದಲೆಳೆಯ ಐವತ್ತನೆಯ ಒಂದು ಪಾಲಿನಷ್ಟು ತಪ್ಪಾಗಿತ್ತು. ಜಗತ್ತೆಲ್ಲ ನಕ್ಕಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅದರ ದೃಷ್ಟಿಯನ್ನು ಸರಿಪಡಿಸಿದರು. ಎರಡು ವರ್ಷಗಳ ಮೇಲೆ, 1995ರ ಡಿಸೆಂಬರಿನಲ್ಲಿ, ಅದರ ಕೇಂದ್ರದ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ತಮ್ಮ ಪಾಲಿಗಿದ್ದ ಅಮೂಲ್ಯ ಸಮಯವನ್ನು ಒಂದು ವಿಚಿತ್ರ ಕಾರ್ಯಕ್ಕೆ ಕೊಟ್ಟರು. ಸಪ್ತರ್ಷಿಮಂಡಲದ ಬಳಿ ಏನೂ ಇಲ್ಲವೆಂದು ತೋರುತ್ತಿದ್ದ ಒಂದು ಚುಕ್ಕೆಯಷ್ಟು ಕತ್ತಲೆಯತ್ತ ದೂರದರ್ಶಕವನ್ನು ತಿರುಗಿಸಿ ಹತ್ತು ದಿನ ಹಾಗೇ ಹಿಡಿದಿಟ್ಟರು. ಕಾಲ ವ್ಯರ್ಥವಾದೀತೆಂದು ಎಚ್ಚರಿಸಿದವರಿದ್ದರು. ಆ ಬರಿದಾದ ಜಾಗದಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು.

ನನಗೆ ಇದು ಖಗೋಳದ ಪಾಠವಷ್ಟೇ ಅಲ್ಲ, ನೀತಿಯ ಪಾಠ. ಅಲ್ಲಿ ಏನೂ ಇಲ್ಲವೆಂದು ನಾವು ಹೇಳುವಾಗ, ಹಲವು ಸಲ ಅದರ ಅರ್ಥ ನಾವು ಸಾಕಷ್ಟು ಹೊತ್ತು ನೋಡಿಲ್ಲವೆಂದೇ. ಹೋಟೆಲಿನಲ್ಲಿ ಮೇಜು ಒರಸುವ ಹುಡುಗನ ಮುಖವನ್ನು ನಾವೆಷ್ಟು ಹೊತ್ತು ನೋಡುತ್ತೇವೆ? ಅವನ ತಲೆಯೊಳಗೆ ಒಂದು ಇಡೀ ಆಕಾಶವಿದೆಯೆಂದು ನನಗೂ ತಾರಾಲಯದ ಕತ್ತಲಲ್ಲಿ ಕುಳಿತ ಮೇಲೆಯೇ ತಿಳಿದದ್ದು. ದೂರದರ್ಶಕ ನಮಗೆ ಕಲಿಸುವುದು ದೂರದ್ದನ್ನು ಮಾತ್ರವಲ್ಲ. ತಾಳ್ಮೆಯಿಂದ, ಲಾಭದ ಆಸೆಯಿಲ್ಲದೆ, ಎದುರಿಗಿರುವುದನ್ನು ಅದಿರುವಂತೆ ನೋಡುವ ಅಭ್ಯಾಸವನ್ನು. ಅಂಥ ನೋಟವಿಲ್ಲದ ಕಡೆ ದಯೆಯೂ ಹೆಚ್ಚು ದಿನ ಬಾಳದು.

ಇಷ್ಟಾದರೂ ನಿದ್ದೆಹೋದ ಹುಡುಗನಿಗೆ ಉತ್ತರ ಸಿಗಲಿಲ್ಲ. ನಾನು ಅವನ ವಿಷಯವನ್ನು ಬಹಳ ವರ್ಷ ಯೋಚಿಸಿದ್ದೇನೆ. ಅವನಿಗೆ ಆ ದಿನ ಬೇಕಾದದ್ದು ನಕ್ಷತ್ರವಲ್ಲ, ನಿದ್ದೆ. ಹಾಗಾದರೆ ತಾರಾಲಯ ತಪ್ಪೇ? ಅದರ ಬಾಗಿಲು ಮುಚ್ಚಿದ್ದರೆ ಅವನಿಗೆ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತಿತ್ತೇ? ಇಲ್ಲ, ಸಿಕ್ಕ ಆ ಮುಕ್ಕಾಲು ಗಂಟೆಯೂ ತಪ್ಪುತ್ತಿತ್ತು. ಅವನ ನಿದ್ದೆಯನ್ನು ಕದ್ದದ್ದು ಆಕಾಶವಲ್ಲ, ಬೆಳಗಿನ ನಾಲ್ಕರಿಂದ ರಾತ್ರಿಯವರೆಗೆ ಮಗುವೊಂದನ್ನು ದುಡಿಸುವ ನಮ್ಮ ವ್ಯವಸ್ಥೆ. ಅದನ್ನು ಕಂಡೂ ಸಹಜವೆಂದುಕೊಂಡ ನನ್ನಂಥವರು. ಮೂರು ಗಂಟೆಯ ಬಿಡುವು ಕೇಳಲು ಹೋದಾಗ ಅವನ ಮಾಲೀಕರೊಡನೆ ಅವನ ದಿನಚರಿಯ ಬಗೆಗೂ ಒಂದು ಮಾತು ಆಡಬಹುದಿತ್ತು. ಸಿಕ್ಕ ಬಿಡುವೂ ತಪ್ಪೀತೆಂಬ ಅಂಜಿಕೆಯಿಂದ ಆಡಲಿಲ್ಲ. ಮುಂದಿನ ವರ್ಷ ಅವನು ಶಾಲೆ ಬಿಟ್ಟ. ಆಮೇಲೆ ಅವನನ್ನು ನಾನು ಕಾಣಲಿಲ್ಲ.

ಆದುದರಿಂದ ನನ್ನ ಸ್ನೇಹಿತರ ಪ್ರಶ್ನೆಯನ್ನು ನಾನು ಸ್ವಲ್ಪ ತಿದ್ದಿ ಕೇಳುತ್ತೇನೆ. ಹಸಿದವನಿಗೆ ನಕ್ಷತ್ರವೇಕೆ ಎಂದಲ್ಲ. ನಕ್ಷತ್ರ ನೋಡುವಷ್ಟು ಬಿಡುವು ಎಲ್ಲರಿಗೂ ಏಕಿಲ್ಲ? ವಿಸ್ಮಯ ಬಡವ ಬಲ್ಲಿದರೆಂಬ ಭೇದವಿಲ್ಲದೆ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು. ಅಸಮಾನವಾಗಿ ಹಂಚಿಹೋಗಿರುವುದು ಅದಕ್ಕೆ ಬೇಕಾದ ಬಿಡುವು. ಅನ್ನ ಮೊದಲು, ಆಕಾಶ ಆಮೇಲೆ ಎಂದು ಸಾಲಾಗಿ ನಿಲ್ಲಿಸಿದರೆ ಬಡವನ ಸರದಿ ಅನ್ನದ ಹತ್ತಿರವೇ ಮುಗಿದುಹೋಗುತ್ತದೆ. ಎರಡನ್ನೂ ಒಟ್ಟಿಗೆ ಕೇಳುವುದೇ ನ್ಯಾಯ. ದೂರದರ್ಶಕಕ್ಕೆ ಖರ್ಚು ಮಾಡುವ ಸಮಾಜಕ್ಕೆ ಅದರಿಂದಲೇ ಒಂದು ಹೊಣೆ ಅಂಟಿಕೊಳ್ಳುತ್ತದೆ. ಅದು ಕಂಡದ್ದನ್ನು ಎಲ್ಲರಿಗೂ ತೋರಿಸಬೇಕು. ಎಲ್ಲರೂ ಎಚ್ಚರವಾಗಿದ್ದು ನೋಡುವಂತೆಯೂ ಮಾಡಬೇಕು. ಮೊದಲರ್ಧವನ್ನು ಮಾತ್ರ ನಡೆಸಿದರೆ ಸ್ನೇಹಿತರ ಆಕ್ಷೇಪಣೆ ಗೆದ್ದಂತೆ.

1930ರ ಜುಲೈ 31ರಂದು ಹತ್ತೊಂಬತ್ತು ವರ್ಷದ ತರುಣನೊಬ್ಬ ನಮ್ಮ ಮುಂಬಯಿ ಬಂದರಿನಿಂದ ಹಡಗು ಹತ್ತಿದ. ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಆತ ಸಾಯುವ ನಕ್ಷತ್ರಗಳ ತೂಕದ ಲೆಕ್ಕ ಹಾಕಿದ. ಆತನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. 1983ರಲ್ಲಿ ನೊಬೆಲ್ ಪಾರಿತೋಷಕ, 1999ರಲ್ಲಿ ಮೇಲೇರಿದ ಕ್ಷ-ಕಿರಣ ದೂರದರ್ಶಕಕ್ಕೆ ಅವರ ಹೆಸರು. ಪ್ರತಿಭೆ ಅವರದು, ನಿಜ. ಆದರೆ ಹಡಗಿನ ಮೇಲೆ ಆ ದಿನಗಳ ಬಿಡುವೂ ಇತ್ತು. ಪಾತ್ರೆ ತೊಳೆಯುವ ಕೈಗಳಿಗೆ ಅಂಥ ಬಿಡುವು ಸಿಕ್ಕಿದ್ದರೆ ಅವುಗಳಲ್ಲಿ ಯಾವುದು ಏನು ಬರೆಯುತ್ತಿತ್ತೋ, ಯಾರು ಬಲ್ಲರು?

ದಾದರಿನಲ್ಲಿ ಇಳಿದು ಸೇತುವೆಯ ಕೆಳಗೆ ನಡೆಯುವಾಗ ಸ್ನೇಹಿತರು, "ನೀವು ಉತ್ತರ ಹೇಳಲೇ ಇಲ್ಲ" ಎಂದರು. ಅಲ್ಲಿ ಒಂದು ಮಗು ಅಂಗಾತ ಮಲಗಿತ್ತು, ಎಚ್ಚರವಾಗಿಯೇ ಇತ್ತು. ಅದರ ಕಣ್ಣಿಗೆ ಕಾಣುತ್ತಿದ್ದುದು ಕಾಂಕ್ರೀಟಿನ ಸೂರು. ಪತ್ರಿಕೆ ನನ್ನ ಕಂಕುಳಲ್ಲಿತ್ತು. ತೋರಿಸಬೇಕೆಂದು ಒಂದು ಕ್ಷಣ ನಿಂತೆ. ಬರಿಗೈಯಲ್ಲಿ ತೋರಿಸುವುದು ಸರಿಯೆನಿಸಲಿಲ್ಲ. ಪಕ್ಕದ ಗಾಡಿಯಿಂದ ಎರಡು ಪಾವ್, ಒಂದು ಲೋಟ ಹಾಲು ಕೊಂಡು ತಂದೆ. ಆಮೇಲೆ ಪತ್ರಿಕೆಯನ್ನು ಬಿಚ್ಚಿದೆ. ಸಭೆಗೆ ನಾವು ಅರ್ಧ ಗಂಟೆ ತಡವಾಗಿ ತಲುಪಿದೆವು.