ಕಾಯುವ ಖರ್ಚು ಯಾರದು?

ಕಂದಿಕೆರೆಯ ಆ ತೋಟದ ಮನೆಯ ಅಟ್ಟದಲ್ಲಿ ಬೆಳಗಿನ ಹೊತ್ತು ಎರಡೇ ಸದ್ದು. ಒಂದು, ಹೆಂಚಿನ ಮೇಲೆ ಓಡಾಡುವ ಅಳಿಲಿನದು. ಇನ್ನೊಂದು, ನಿವೃತ್ತ ಚರಿತ್ರೆ ಮೇಷ್ಟ್ರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ತೆಂಗಿನಕಾಯಿಯದು. ಒಳಗೆ ನೀರು ತುಳುಕಿದರೆ ಕಾಯಿ ಮತ್ತೆ ರಾಶಿಗೆ. ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು ಗಟಗಟ ಉರುಳಿದರೆ ಗಿಟುಕಾಗಿದೆ ಎಂದರ್ಥ. ಅದು ಈಚೆ ಮೂಲೆಗೆ. ಅಷ್ಟಾಗಲು ಹತ್ತು ತಿಂಗಳಾದರೂ ಬೇಕು. ಯಾವ ಕೊಯ್ಲಿನ ಕಾಯಿ ಯಾವತ್ತು ಅಟ್ಟ ಹತ್ತಿತೆಂಬುದು ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ.

ಮೇಷ್ಟ್ರ ತಮ್ಮನ ಮಗಳು ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು. ಮಂಗಳೂರಿನ ರಫ್ತು ಕಚೇರಿಯೊಂದರಲ್ಲಿ ಹೆಪ್ಪುಗಟ್ಟಿಸಿದ ಮೀನು, ಸಿಗಡಿಗೆ ಹಡಗಿನಲ್ಲಿ ಜಾಗ ಹಿಡಿಯುವುದು ಅವಳ ಕೆಲಸ. 2023ರ ನವೆಂಬರ್‌ನಲ್ಲಿ ಯೆಮನ್‌ನ ಹೌತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬೀಳತೊಡಗಿದ ಮೇಲೆ ಆ ಕೆಲಸ ಎಷ್ಟು ಬಿಗಿಯಾಯಿತೆಂದು ಹೇಳುತ್ತಿದ್ದಳು. ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿದವು. ಹತ್ತು–ಹದಿನಾಲ್ಕು ದಿನ ಹೆಚ್ಚಿಗೆ. ಹೋದ ಕಂಟೇನರ್ ವಾಪಸ್ಸು ಬರುವುದೂ ಅಷ್ಟೇ ತಡ.

“ನಮ್ಮ ಸಿಗಡಿಗೆ ಮಾತ್ರ ಅಲ್ಲ ದೊಡ್ಡಪ್ಪ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಂದ ಈಜಿಪ್ಟಿಗೆ ಹೋಗೋ ಎಮ್ಮೆ ಮಾಂಸಕ್ಕೂ ಅದೇ ಕಷ್ಟ. ಬೇರೆ ಸರಕಾದರೆ ಯಾವುದೋ ಡಬ್ಬಿಗೆ ತುಂಬಿ ಯಾವುದೋ ಹಡಗಿಗೆ ಹಾಕಬಹುದು. ಇದಕ್ಕೆ ಕರೆಂಟಿನಲ್ಲಿ ತಂಪಾಗಿರೋ ರೀಫರ್ ಕಂಟೇನರೇ ಬೇಕು. ಗೋದಾಮು, ಲಾರಿ, ಬಂದರು, ಹಡಗು, ಎಲ್ಲೇ ಇರಲಿ, ಮೈನಸ್ ಹದಿನೆಂಟು ಡಿಗ್ರಿ ಬಿಟ್ಟು ಏರೋ ಹಾಗಿಲ್ಲ. ಹಡಗಲ್ಲಿ ಎಷ್ಟು ಪ್ಲಗ್ ಇದೆಯೋ ಅಷ್ಟೇ ಡಬ್ಬಿ.”

“ಯುದ್ಧ ಅಂದರೆ ಸಾಗಾಟ ಕಣಮ್ಮ,” ಎಂದರು ಮೇಷ್ಟ್ರು. “1791ರ ಮೇ ತಿಂಗಳಲ್ಲಿ ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸತ್ತವು. ಎಳೆಯೋರಿಲ್ಲ ಅಂತ ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಒಡೆಸಿ ಹಿಂದಕ್ಕೆ ಹೋದ. ನಿನ್ನ ತಣ್ಣನೆ ಹಡಗಿನ ಬರವೂ ಹೊಸದೇನಲ್ಲ. ಮೊದಲನೇ ಮಹಾಯುದ್ಧದಲ್ಲಿ, 1915ರಲ್ಲೇ, ಬ್ರಿಟಿಷ್ ಸರ್ಕಾರ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಶೀತಲ ಹಡಗುಗಳ ಜಾಗವನ್ನೆಲ್ಲ ವಶಕ್ಕೆ ತಗೊಂಡಿತು. 1917ರಲ್ಲಿ ಜರ್ಮನರ ಜಲಾಂತರ್ಗಾಮಿಗಳು ಕಂಡ ಕಂಡ ಹಡಗು ಮುಳುಗಿಸೋಕೆ ಶುರು ಮಾಡಿದ ಮೇಲೆ, ಅಷ್ಟು ದೂರ ಹೋಗಿಬರೋ ಬದಲು ಹತ್ತಿರದ ಅಮೆರಿಕ ಖಂಡದಿಂದ ಹೆಚ್ಚು ಸಲ ತರಬಹುದು ಅಂತ ಲೆಕ್ಕ ಹಾಕಿದರು. ನ್ಯೂಜಿಲೆಂಡಿನ ಶೀತಲ ಗೋದಾಮುಗಳಲ್ಲಿ ಕುರಿ ಮಾಂಸ ತುಂಬಿ ತುಳುಕಿತು. ಆಸ್ಟ್ರೇಲಿಯಾದಲ್ಲಿ ಹಡಗಿಲ್ಲದೆ ರಾಶಿ ಬಿದ್ದ ಗೋಧಿಗೆ ಇಲಿ ಮುತ್ತಿದ್ದೂ ಅದೇ ವರ್ಷ.”

ಎರಡನೇ ಮಹಾಯುದ್ಧದಲ್ಲಿ ಇನ್ನೊಂದು ಉಪಾಯ ಹೂಡಿದರಂತೆ. ಕುರಿಯ ಹಿಂಭಾಗ ಕತ್ತರಿಸಿ ಮುಂಭಾಗದ ಪಕ್ಕೆಲುಬಿನ ಗೂಡಿನೊಳಗೆ ತುರುಕಿ ಹಡಗಿಗೇರಿಸುವುದು. ಎರಡು ಕಾಯಿ ಚಿಪ್ಪನ್ನು ಒಂದರೊಳಗೊಂದು ಕೂರಿಸಿ ಮೇಷ್ಟ್ರು ಅದನ್ನು ತೋರಿಸಿದರು. ಒಂದೊಂದು ಅಂಗುಲ ತಂಪಿಗೂ ಅಷ್ಟು ಬೆಲೆ.

“ಅದಕ್ಕೇ ಹೇಳೋದು,” ಎಂದರು. “ಕಾಯಲಾರದ ಆಹಾರ ಮನುಷ್ಯನನ್ನ ಪರರ ಕೈಗೆ ಕೊಡುತ್ತೆ. ಈ ಕಾಯಿ ನೋಡು. ಕರೆಂಟು ಬೇಡ, ಹಡಗು ಬೇಡ. ಗಿಟುಕಾದ ಮೇಲೂ ಕರಟದೊಳಗೆ ಸುಮ್ಮನೆ ಕೂತಿರುತ್ತೆ. ತಿಪಟೂರಿನಿಂದ ದಿಲ್ಲಿಗೆ ಹೋದರೂ ಕೆಡಲ್ಲ. ಇದಲ್ಲವಾ ಸ್ವಾತಂತ್ರ್ಯ?”

ಹುಡುಗಿ ಒಪ್ಪಲಿಲ್ಲ. “ತಂಪು ಬರೋ ಮುಂಚೆ ನ್ಯೂಜಿಲೆಂಡಿನ ಕುರಿಗಾರ ಏನು ಮಾಡ್ತಿದ್ದ ದೊಡ್ಡಪ್ಪ? ಉಣ್ಣೆ ಕತ್ತರಿಸಿಕೊಂಡು, ಮುದಿ ಕುರಿಗಳನ್ನ ಕೊಪ್ಪರಿಗೆಯಲ್ಲಿ ಬೇಯಿಸಿ ಕೊಬ್ಬು ಮಾತ್ರ ತೆಗೀತಿದ್ದ. ಮಾಂಸಕ್ಕೆ ಬೆಲೆಯೇ ಇರಲಿಲ್ಲ. 1882ರಲ್ಲಿ ಡ್ಯುನೆಡಿನ್ ಅನ್ನೋ ಹಾಯಿ ಹಡಗು ಸುಮಾರು ಐದು ಸಾವಿರ ಕುರಿಗಳ ಮಾಂಸ ಹೊತ್ತು 98 ದಿನಕ್ಕೆ ಲಂಡನ್ ಮುಟ್ಟಿತು. ದಾರೀಲಿ ಸೆಕೆಯ ಸೀಮೆ ಬಂದಾಗ ಒಳಗೆ ತಣ್ಣನೆ ಗಾಳಿ ಸರಿಯಾಗಿ ಆಡ್ತಿರಲಿಲ್ಲ. ಕಪ್ತಾನ ವಿಟ್ಸನ್ ಗಾಳಿ ಕೊಳವೆಯೊಳಗೆ ತೆವಳಿ ಹೋಗಿ ತೂತು ಕೊರೆದ. ಚಳಿಗೆ ಮೈ ಮರಗಟ್ಟಿ ಬಿದ್ದವನನ್ನ ಕಾಲಿಗೆ ಹಗ್ಗ ಕಟ್ಟಿ ಎಳೆದರಂತೆ. ಆ ತಂಪು ಅವನಿಗೆ ಸಂಕೋಲೆ ಆಗಿರಲಿಲ್ಲ. ನಾಳೆವರೆಗೆ ಉಳಿಯದ್ದನ್ನ ಮೂರು ತಿಂಗಳು ಉಳಿಸಿತು. ನಿಮ್ಮ ಅಟ್ಟ ಮಾಡೋದೂ ಅದನ್ನೇ ಅಲ್ವಾ?”

ಮೇಷ್ಟ್ರು ಉತ್ತರಿಸುವ ಮುಂಚೆ ಕೆಳಗಿನಿಂದ ದೊಡ್ಡಮ್ಮನ ದನಿ ಬಂತು. ಅವರು ಮಚ್ಚಿನಲ್ಲಿ ಕರಟ ಒಡೆಯುತ್ತ ಎಲ್ಲ ಕೇಳಿಸಿಕೊಂಡಿದ್ದರು.

“ಕೊಬ್ಬರಿ ಕಾಯ್ತದೆ ಕಣ್ರೀ. ಸಾಲ ಕಾಯ್ತದಾ? 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಅಂದ್ರು. ಮಾರ್ಕೆಟ್‌ನಲ್ಲಿ ಎಂಟು ಸಾವಿರದ ಆಜುಬಾಜು ಹೋಗ್ತಿತ್ತು. ಇನ್ನೂ ಆರು ತಿಂಗಳು ಇಟ್ಟಿದ್ರೂ ಕೊಬ್ಬರಿಗೇನೂ ಆಗ್ತಿರಲಿಲ್ಲ. ಇಡೋಕೆ ನಮ್ಮ ಕೈಲಾಗಲಿಲ್ಲ, ಅಷ್ಟೇ.”

ಅಟ್ಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಹಂಗಾದ್ರೆ ನಾನು ಕೇಳಿದ ಪ್ರಶ್ನೆಯೇ ತಪ್ಪು,” ಎಂದರು ಮೇಷ್ಟ್ರು ನಿಧಾನವಾಗಿ. “ಸರಕು ಕಾಯುತ್ತೋ ಇಲ್ಲವೋ ಅನ್ನೋದಲ್ಲ. ಕಾಯೋ ಹೊತ್ತಿನ ಭಾರ ಯಾರ ತಲೆ ಮೇಲೆ ಅನ್ನೋದು. ನ್ಯೂಜಿಲೆಂಡಿನಲ್ಲಿ ಹಡಗು ಬಾರದ ಆ ವರ್ಷಗಳಲ್ಲಿ ಕುರಿಗಾರರು ಮುಳುಗಿಹೋಗಲಿಲ್ಲ. ಯಾಕೆ ಗೊತ್ತಾ? ರಫ್ತಿನ ಮಾಂಸವನ್ನೆಲ್ಲ 1915ರಿಂದ 1920ರವರೆಗೆ ನಿಗದಿ ಬೆಲೆಗೆ ಬ್ರಿಟಿಷ್ ಸರ್ಕಾರವೇ ಕೊಳ್ತಿತ್ತು.”

“ಅದು ಕುರಿಗಾರನ ಮೇಲಿನ ಪ್ರೀತಿಗಲ್ಲ, ಸೈನಿಕರ ಹೊಟ್ಟೆಗೆ.”

“ನಿಜ. ಅದಕ್ಕೇ ಖರೀದಿ ನಿಂತ ಮರುವರ್ಷವೇ ಬೆಲೆ ಕುಸೀತು. ಆಗ ಅಲ್ಲಿ ಬೆಳೆಗಾರರ ಪರವಾಗಿ ಹಡಗು ಬಾಡಿಗೆ ಮಾತಾಡೋಕೆ 1922ರಲ್ಲಿ ಮಾಂಸ ಉತ್ಪಾದಕರ ಮಂಡಳಿ ಬಂತು. ಯುದ್ಧ ಇದ್ದಾಗ ಅಗತ್ಯ ಸರ್ಕಾರದ್ದು, ಮುಗಿದ ಮೇಲೆ ರೈತಂದು. ಕಾಯೋ ಭಾರವನ್ನ ಹೊರೋ ಶಕ್ತಿ ಸರ್ಕಾರಕ್ಕೆ ಇತ್ತು ಅನ್ನೋದು ಮಾತ್ರ ಸಾಬೀತಾಗಿತ್ತು.”

ಹುಡುಗಿ ಏಣಿಯಿಂದ ಅಟ್ಟಕ್ಕೆ ಹತ್ತಿ ಗಿಟುಕಿನ ರಾಶಿಯ ಪಕ್ಕ ಕೂತಳು. “ನಮ್ಮಲ್ಲಿ ರೀಫರ್ ಡಬ್ಬಿ ಬಂದರಲ್ಲಿ ನಿಂತರೆ ಪ್ಲಗ್ಗಿಗೆ ದಿನಕ್ಕೆ ಇಷ್ಟು ಅಂತ ಬಿಲ್ ಬರುತ್ತೆ. ಆ ದುಡ್ಡು ಕೊನೆಗೆ ಮೀನು ಹಿಡಿದವನ ಬೆಲೆಯಲ್ಲೇ ಕಳೆಯುತ್ತೆ, ನನಗೆ ಗೊತ್ತು. ಆದರೆ ಕಾಗದದ ಮೇಲಾದರೂ ಕಾಣುತ್ತೆ, ಅದರ ಬಗ್ಗೆ ಜಗಳ ಆಡಬಹುದು. ನಿಮ್ಮ ಅಟ್ಟಕ್ಕೆ ಬಿಲ್ಲೇ ಇಲ್ಲ ದೊಡ್ಡಪ್ಪ. ಹತ್ತು ತಿಂಗಳು ಪುಕ್ಕಟೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ನೀವೂ ಸೇರಿ.”

ಮೇಷ್ಟ್ರು ಕೈಲಿದ್ದ ಕಾಯಿಯನ್ನು ಇನ್ನೊಮ್ಮೆ ಅಲ್ಲಾಡಿಸಿದರು. ಇನ್ನೂ ಸ್ವಲ್ಪ ನೀರಿತ್ತು, ರಾಶಿಗೆ ಸೇರಿಸಿದರು. ಆಮೇಲೆ ಕಂಬದ ಬಳಿ ಹೋಗಿ ಬರೆದಿದ್ದ ತಾರೀಕು ನೋಡಿದರು.

“ಸೊಸೈಟಿ ಸಾಲದ ಬಡ್ಡಿ ತಿಂಗಳಿಗೆ ಎಷ್ಟು ಬೀಳ್ತಿದೆ?” ಎಂದು ಕೆಳಕ್ಕೆ ಕೂಗಿ ಕೇಳಿ, ದೊಡ್ಡಮ್ಮ ಹೇಳಿದ್ದನ್ನು ತಾರೀಕಿನ ಕೆಳಗೆ ಸೀಮೆಸುಣ್ಣದಲ್ಲಿ ಬರೆಯತೊಡಗಿದರು.