ಹೋಗುವುದಾದರೆ ಯಾವ ದೇಶಕ್ಕೆ?

ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಜನ ಸೇರಿದರೆ ಮಾತು ಬೇಗನೆ ವೀಸಾದ ಕಡೆಗೆ ಹೊರಳುತ್ತದೆ. ನರ್ಸಿಂಗ್ ಮುಗಿಸಿದ ಮಗಳಿಗೆ ಜರ್ಮನಿ ಒಳ್ಳೆಯದೋ ಐರ್ಲೆಂಡ್ ಒಳ್ಳೆಯದೋ? ಇಂಜಿನಿಯರ್ ಮಗ ಕುವೈತಿನ ಕೆಲಸ ಬಿಟ್ಟು ಕೆನಡಾಕ್ಕೆ ಅರ್ಜಿ ಹಾಕಬೇಕೋ, ಆಸ್ಟ್ರೇಲಿಯಕ್ಕೋ? ಕರಾವಳಿಯ ಕ್ರೈಸ್ತರಿಗೆ ಊರು ಬಿಡುವುದು ಹೊಸದಲ್ಲ. ನಮ್ಮಲ್ಲಿ ಅನೇಕರ ಪೂರ್ವಜರು ಗೋವೆಯಿಂದ ಬಂದವರು. ಅವರ ಸಂತತಿಯವರು ಮುಂಬಯಿಗೆ ಹೋದರು, 1970ರ ದಶಕದಿಂದೀಚೆಗೆ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಆದರೆ ಆಗ ಹೆಚ್ಚಿನವರಿಗೆ ಆರಿಸುವ ಅವಕಾಶ ಇರಲಿಲ್ಲ. ನೆಂಟರು ವೀಸಾ ಕಳಿಸಿದ ಕಡೆಗೆ ಹೋಗುತ್ತಿದ್ದರು. ಇಂದು ಕಲಿತ ಯುವಜನರ ಮುಂದೆ ನಾಲ್ಕೈದು ಬಾಗಿಲುಗಳಿವೆ. ಆರಿಸುವ ಅವಕಾಶ ಬಂದಾಗ ಅದರ ಹೊಣೆಯೂ ಬರುತ್ತದೆ.

ಹೋಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಧರ್ಮಸಭೆಯೂ ಹಾಗೆ ಹೇಳುವುದಿಲ್ಲ. ತಕ್ಕ ಕಾರಣವಿದ್ದಾಗ ಬೇರೆ ದೇಶಕ್ಕೆ ಹೋಗಿ ನೆಲೆಸುವ ಹಕ್ಕು ಮನುಷ್ಯನಿಗಿದೆ ಎಂದು ಜಗದ್ಗುರು 23ನೇ ಜಾನ್ ಅವರು 1963ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಎರಡನೇ ಜಾನ್ ಪೌಲರು ಅದೇ ಹಕ್ಕನ್ನು ಎತ್ತಿಹಿಡಿದರು. ಬಿಟ್ಟುಹೋದ ನಾಡಿಗೆ ಅದು ನಷ್ಟ ಎಂಬುದನ್ನೂ ಹೇಳಿದರು.

ಲಾಭ ನಷ್ಟ ತೂಗಿ ನೋಡುವುದೂ ಪಾಪವಲ್ಲ. ಈಜಿಪ್ಟಿನಿಂದ ಮರಳಿ ಬರುವಾಗ ಸಂತ ಜೋಸೆಫರು ಸುಮ್ಮನೆ ಜುದೇಯಕ್ಕೆ ಹೋಗಲಿಲ್ಲ. ಅಲ್ಲಿ ಹೆರೋದನ ಮಗ ಅರ್ಕೆಲಾವನು ಆಳುತ್ತಿದ್ದಾನೆಂದು ಕೇಳಿ ಅಂಜಿದರು, ಕನಸಿನಲ್ಲಿ ಎಚ್ಚರಿಕೆಯನ್ನೂ ಪಡೆದು ಗಲಿಲೇಯದ ನಜರೇತಿಗೆ ಹೋದರು. ಮಗುವೂ ತಾಯಿಯೂ ಸುರಕ್ಷಿತವಾಗಿರಬೇಕು ಎಂಬುದು ಅವರ ಲೆಕ್ಕ. ಆದಿಕಾಂಡದ 13ನೇ ಅಧ್ಯಾಯದಲ್ಲಿ ಲೋಟನ ಲೆಕ್ಕ ಬೇರೆ. ಮಂದೆಗಳು ಹೆಚ್ಚಾಗಿ ಕುರಿಗಾಹಿಗಳಲ್ಲಿ ಜಗಳ ಬಂದಾಗ ಅಬ್ರಹಾಮನು, ನೀನೇ ಮೊದಲು ಆರಿಸಿಕೋ ಎಂದು ಅವನಿಗೆ ಬಿಟ್ಟುಕೊಟ್ಟ. ಲೋಟನು ಕಣ್ಣೆತ್ತಿ ಜೋರ್ಡನ್ ಬಯಲಿನ ನೀರನ್ನು ನೋಡಿದ, ಹೊರಟ. ಆ ಬಯಲಿನ ಸೊದೋಮಿನಲ್ಲಿ ಎಂಥ ಜನರಿದ್ದಾರೆ, ಹಿಂದೆ ಉಳಿಯುವ ಹಿರಿಯನ ಗತಿಯೇನು ಎಂದು ಕೇಳಿದ್ದು ಅಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನಮ್ಮ ಯುವ ದಂಪತಿಗಳ ಲೆಕ್ಕ ಹೆಚ್ಚಾಗಿ ಅಂಕಪಟ್ಟಿಯಿಂದ ಆರಂಭವಾಗುತ್ತದೆ. ವಲಸೆ ಬರುವವರಿಗೆ ಅಂಕ ಕೊಡುವ ಪದ್ಧತಿಯನ್ನು ಕೆನಡಾ 1967ರಲ್ಲೇ ತಂದಿತು. 2025ರ ಅಲ್ಲಿನ ಪಟ್ಟಿಯಂತೆ 20ರಿಂದ 29ರ ವಯಸ್ಸಿನ ಒಂಟಿ ಅರ್ಜಿದಾರರಿಗೆ ವಯಸ್ಸಿಗೆಂದೇ 110 ಅಂಕ, 40 ತುಂಬಿದರೆ 50, 45ಕ್ಕೆ ಸೊನ್ನೆ. ಒಡಹುಟ್ಟಿದವರು ಅಲ್ಲಿದ್ದರೆ 15 ಅಂಕ. ಆಸ್ಟ್ರೇಲಿಯದ ಪಟ್ಟಿಯಲ್ಲಿ ಮದುವೆಯಾಗದವರಿಗೆ 10 ಅಂಕ, ಬೇಡಿಕೆಯ ವೃತ್ತಿಯಲ್ಲಿ ಪಳಗಿದ ಸಂಗಾತಿ ಇರುವವರಿಗೂ 10. ಹೆಂಡತಿಗೆ ಅಂಥ ವೃತ್ತಿಯೂ ಇಲ್ಲ, ಸಾಕಷ್ಟು ಇಂಗ್ಲಿಷೂ ಇಲ್ಲ ಎಂದರೆ ಗಂಡನಿಗೆ ಅಲ್ಲಿ ಸಿಗುವುದು ಸೊನ್ನೆ. ವಿವಾಹ ಸಂಸ್ಕಾರದಲ್ಲಿ ದೇವರ ಮುಂದೆ ಕೈಹಿಡಿದವಳು ಪಟ್ಟಿಯಲ್ಲಿ ಹತ್ತು ಅಂಕದ ನಷ್ಟವಾಗಿ ಕಾಣುತ್ತಾಳೆ! ಆ ದೇಶಗಳನ್ನು ಇದಕ್ಕಾಗಿ ದೂರುವಂತಿಲ್ಲ. ಅವರಿಗೆ ಬೇಕಾದದ್ದು ದುಡಿಯುವ ಕೈ, ಅದನ್ನು ಅವರು ಮುಚ್ಚಿಟ್ಟಿಲ್ಲ. ನನ್ನ ಭಯ ನಮ್ಮ ಬಗ್ಗೆ. ಪಟ್ಟಿಯನ್ನು ತಿಂಗಳುಗಟ್ಟಲೆ ನೋಡುತ್ತಾ ಕುಳಿತವರು ಮನೆಯವರನ್ನೂ ಅದೇ ತಕ್ಕಡಿಯಲ್ಲಿ ತೂಗತೊಡಗುತ್ತಾರೆ.

ಹೆತ್ತವರಿಗೆ ಈ ಪಟ್ಟಿಗಳಲ್ಲಿ ಅಂಕವೇ ಇಲ್ಲ. ಆಮೇಲೆ ಕರೆಸಿಕೊಂಡರಾಯಿತು ಎಂದು ಮಕ್ಕಳು ಸಮಾಧಾನ ಹೇಳುತ್ತಾರೆ. ಇದನ್ನು ಹೊರಡುವ ಮೊದಲೇ ವಿಚಾರಿಸಬೇಕು. ಆಸ್ಟ್ರೇಲಿಯದಲ್ಲಿ ತಂದೆತಾಯಿಯ ಕಾಯಂ ವೀಸಾಕ್ಕೆ ಒಂದು ಪರೀಕ್ಷೆಯಿದೆ: ಮೂವರು ಮಕ್ಕಳಲ್ಲಿ ಇಬ್ಬರು ಊರಿನಲ್ಲಿದ್ದು ಒಬ್ಬರು ಮಾತ್ರ ಅಲ್ಲಿ ನೆಲೆಸಿದ್ದರೆ ಆ ಹೆತ್ತವರಿಗೆ ಅದು ಸಿಗುವುದಿಲ್ಲ. ಪರೀಕ್ಷೆ ದಾಟಿದರೂ ಸಾಮಾನ್ಯ ವೀಸಾಕ್ಕೆ ಕಾಯಬೇಕಾದ ಕಾಲ ಸರ್ಕಾರದ ಅಂದಾಜಿನಲ್ಲೇ 30 ವರ್ಷಕ್ಕಿಂತ ಹೆಚ್ಚು. ಎಪ್ಪತ್ತು ದಾಟಿದ ತಾಯಿಗೆ ಇದನ್ನು ಹೇಗೆ ವಿವರಿಸುವುದು? ಹೆಚ್ಚು ಶುಲ್ಕ ಕಟ್ಟುವ ಇನ್ನೊಂದು ದಾರಿ ಇದೆ, ತಲೆಗೆ 40 ಸಾವಿರ ಡಾಲರಿಗೂ ಮೇಲೆ. ಅಲ್ಲಿಯೂ ಸಾಲು ವರ್ಷಗಟ್ಟಲೆ ಉದ್ದ. ಕೆನಡಾದಲ್ಲಿ 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ 2025ರವರೆಗೂ ಚೀಟಿ ಎತ್ತಿದಂತೆ ಆರಿಸಿದರು. ಅಲ್ಲಿ ಸೂಪರ್ ವೀಸಾ ಎಂಬುದೊಂದಿದೆ. ಹೆತ್ತವರು ಒಮ್ಮೆಗೆ ಐದು ವರ್ಷದವರೆಗೆ ಇರಬಹುದು, ಆದರೆ ಆರೋಗ್ಯ ವಿಮೆ ಕೈಯಿಂದಲೇ ಮಾಡಿಸಬೇಕು. ಬ್ರಿಟನ್ 2012ರಲ್ಲಿ ತಂದ ನಿಯಮದಿಂದ ಹೆತ್ತವರಿಗೆ ಬಾಗಿಲು ಬಹುಪಾಲು ಮುಚ್ಚಿದೆ. ಅಷ್ಟೇ ಅಲ್ಲ, 2024ರ ಮಾರ್ಚಿನಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಹೊಸದಾಗಿ ಹೋದವರು ಗಂಡ, ಹೆಂಡತಿ, ಮಕ್ಕಳನ್ನೂ ಜೊತೆಗೆ ಒಯ್ಯುವಂತಿರಲಿಲ್ಲ. 2025ರ ಜುಲೈಯಲ್ಲಿ ಆ ಕೆಲಸಕ್ಕೆ ವಿದೇಶದಿಂದ ನೇಮಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಪರರ ತಾಯಿಯನ್ನು ನೋಡಿಕೊಳ್ಳಲು ತನ್ನ ಮಗುವನ್ನು ಬಿಟ್ಟು ಹೋಗಬೇಕು ಎಂದರೆ, ಅದನ್ನು ಬರೀ ವೀಸಾದ ಷರತ್ತು ಎಂದು ಹೇಳಿ ಮುಗಿಸಲಾಗದು.

ಹಾಗಾಗಿ ದೇಶವನ್ನು ಆರಿಸುವಾಗ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ದೇಶ ನನ್ನನ್ನು ಯಾರಿಂದ, ಎಷ್ಟು ಕಾಲ ಅಗಲಿಸುತ್ತದೆ? ನಾಲ್ಕನೆಯ ಕಟ್ಟಳೆ ವಿಮಾನ ಹತ್ತಿದ ಕೂಡಲೇ ರದ್ದಾಗುವುದಿಲ್ಲ. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಪ್ರಭು ಯೇಸು ಕೆಲವರನ್ನು ಕಟುವಾಗಿ ಖಂಡಿಸುತ್ತಾರೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಅವರು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ಜಾರಿಕೊಳ್ಳುತ್ತಿದ್ದರು. ನಮ್ಮ ಕಾಲದ ಕೊರ್ಬಾನ್ ಯಾವುದೆಂದರೆ 'ಮಕ್ಕಳ ಭವಿಷ್ಯ'. ಈ ಎರಡು ಪದ ಬಾಯಿಗೆ ಬಂದ ಮೇಲೆ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಮಕ್ಕಳ ಭವಿಷ್ಯ ನಿಜವಾದ ಕಾಳಜಿಯೇ. ದೇವಾಲಯದ ಕಾಣಿಕೆಯೂ ನಿಜವಾದ ಕಾಣಿಕೆಯೇ ಆಗಿತ್ತು.

ಈ ಅಳತೆಯಿಂದ ನೋಡಿದರೆ, ಈಗಿನವರು ತುಸು ಕೀಳಾಗಿ ಕಾಣುವ ಕೊಲ್ಲಿಗೂ ಒಂದು ಮಾನ ಉಂಟು. ಅಲ್ಲಿ ಪೌರತ್ವ ಸಿಗುವುದಿಲ್ಲ. 1990ರ ಆಗಸ್ಟಿನಲ್ಲಿ ಕುವೈತಿನಿಂದ ಬರಿಗೈಯಲ್ಲಿ ಮರಳಿದವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಆದರೆ ಅಪ್ಪನಿಗೆ ಹುಷಾರಿಲ್ಲ ಎಂದು ಫೋನ್ ಬಂದರೆ ದುಬೈಯಿಂದ ಮರುದಿನ ಮಂಗಳೂರಿನಲ್ಲಿ ಇಳಿಯಬಹುದು.

ಜರ್ಮನಿಗೆ ಹೋಗುವವರು ಕಥೋಲಿಕರಾಗಿ ಎದುರಿಸುವ ಒಂದು ಪ್ರಶ್ನೆಯನ್ನೂ ಇಲ್ಲಿ ಹೇಳಬೇಕು. ಅಲ್ಲಿ ಮನೆಯ ವಿಳಾಸವನ್ನು ನೋಂದಾಯಿಸುವಾಗ ಧರ್ಮ ಯಾವುದೆಂದು ಕೇಳುತ್ತಾರೆ. ಕಥೋಲಿಕ ಎಂದು ಬರೆದರೆ ಆದಾಯ ತೆರಿಗೆಯ ಮೇಲೆ ಶೇಕಡಾ 9ರಷ್ಟು, ಬವೇರಿಯ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇಕಡಾ 8ರಷ್ಟು, ಧರ್ಮಸಭೆಯ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ. ಧರ್ಮವಿಲ್ಲ ಎಂದು ಬರೆದುಬಿಡಿ, ಭಾನುವಾರ ಪೂಜೆಗೆ ಹೋದರೆ ಯಾರು ಕೇಳುತ್ತಾರೆ ಎಂಬ ಸಲಹೆ ಬಂದರೆ ಏನು ಮಾಡುವುದು? ಧರ್ಮಸಭೆಯನ್ನು ಬಿಟ್ಟೆವೆಂದು ಸರ್ಕಾರಿ ಕಚೇರಿಯಲ್ಲಿ ಘೋಷಿಸಿದವರು ಸಂಸ್ಕಾರಗಳನ್ನು ಸ್ವೀಕರಿಸುವಂತಿಲ್ಲ ಎಂದು ಅಲ್ಲಿನ ಬಿಷಪರು 2012ರಲ್ಲಿ ಆದೇಶಿಸಿದರು. ಆ ಆದೇಶ ಕಠಿಣವಾಯಿತೆಂದು ನನಗೂ ಅನಿಸುತ್ತದೆ. ಆದರೂ ಹೊಸ ದೇಶದಲ್ಲಿ ತುಂಬುವ ಮೊದಲ ಅರ್ಜಿಯಲ್ಲೇ ಸುಳ್ಳು ಬರೆದು, ಮುಂದೆ ಮಗುವಿಗೆ ಜ್ಞಾನಸ್ನಾನ ಕೊಡಿ ಎಂದು ಗುರುಗಳ ಬಳಿ ಹೋಗುವಾಗ ಮುಖ ಹೇಗೆ ಎತ್ತುವುದು?

ಹೆತ್ತವರ ಪಾಲೂ ಇದರಲ್ಲಿ ಇಲ್ಲದಿಲ್ಲ. ನೆರೆಮನೆಯ ಹುಡುಗ ಟೊರೊಂಟೊದಲ್ಲಿ ಮನೆ ಕೊಂಡ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿ ಮಗನನ್ನು ನೂಕಿದವರು ನಾವೇ. ಅವನು ಹೋದ ಮೇಲೆ ಒಂಟಿಯಾದೆವೆಂದು ಗುರುಗಳ ಮುಂದೆ ಅಳುವವರೂ ನಾವೇ.

ಇನ್ನು ಈ ಲೆಕ್ಕದಲ್ಲಿ ಯಾರ ಕಣ್ಣಿಗೂ ಬೀಳದವಳು ಒಬ್ಬಳಿದ್ದಾಳೆ. ಊರಲ್ಲಿ ಉಳಿದ ತಂಗಿ, ಕೆಲವೆಡೆ ಸೊಸೆ. ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ, ಅಮ್ಮನ ಕಣ್ಣಿನ ಆಪರೇಷನ್, ಬಾವಿಯ ಪಂಪು, ತೋಟದ ಕೂಲಿಯವರ ಲೆಕ್ಕ ಎಲ್ಲ ಅವಳ ಮೇಲೆ. ಅಣ್ಣ ಯಾವ ದೇಶವನ್ನು ಆರಿಸುತ್ತಾನೋ ಅದರಂತೆ ಅವಳ ಮುಂದಿನ ಇಪ್ಪತ್ತು ವರ್ಷವೂ ತೀರ್ಮಾನವಾಗುತ್ತದೆ. ಆದರೆ ಆ ಮಾತುಕತೆಗೆ ಅವಳನ್ನು ಕರೆಯುವುದಿಲ್ಲ. ಐಇಎಲ್‌ಟಿಎಸ್ ಪರೀಕ್ಷೆಯ ಶುಲ್ಕ ಕಟ್ಟುವ ಮೊದಲು ಒಂದು ಸಂಜೆ ಜಪಸರ ಮುಗಿಸಿ ಎಲ್ಲರೂ ಒಟ್ಟಿಗೆ ಕೂರಲಿ. ಅಮ್ಮನಿಗೆ ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ತಿಂಗಳಿಗೆ ಎಷ್ಟು ಕಳಿಸುವುದು, ಎಷ್ಟು ವರ್ಷಕ್ಕೊಮ್ಮೆ ಬರುವುದು, ನಾಳೆ ತಂಗಿಗೂ ಹೊರಗೆ ಒಳ್ಳೆಯ ಕೆಲಸ ಸಿಕ್ಕಿದರೆ ಆಗೇನು ಎಂದು ಅವಳೇ ಮೊದಲು ಕೇಳಲಿ.