ಬಾಂಬರ್ ವಿಮಾನಕ್ಕೆ ಜೀರ್ಣೋದ್ಧಾರವೇ?

ಕೆನಡಾದ ಕ್ಯಾಲ್ಗರಿಯಲ್ಲಿರುವ ನನ್ನ ಅಕ್ಕನ ಮಗ ಈ ಸಲದ ದೀಪಾವಳಿಗೆ ಫೋನು ಮಾಡಿದವನು, ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ ಒಂದು ವಿಚಿತ್ರವಾದ ಬೇಡಿಕೆ ಮುಂದಿಟ್ಟ. ಅವನ ಊರಿನ ದಕ್ಷಿಣಕ್ಕೆ ನ್ಯಾಂಟನ್ ಎಂಬ ಸಣ್ಣ ಪಟ್ಟಣವಿದೆ. ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನಗಳಿಗೆಂದೇ ಅಲ್ಲೊಂದು ಸಂಗ್ರಹಾಲಯವಿದೆ. ಹ್ಯಾಲಿಫ್ಯಾಕ್ಸ್ ಎಂಬ ಜಾತಿಯ ವಿಮಾನವೊಂದನ್ನು ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಬೇಕೆಂದು ಕೆಲವು ಉತ್ಸಾಹಿಗಳು ಹೊರಟಿದ್ದಾರೆ. ವಿಮಾನವಾದರೋ ಸ್ವೀಡನ್ನಿನ ದಕ್ಷಿಣ ತೀರದ ಸಮುದ್ರದಡಿ ಒಡೆದು ಬಿದ್ದದ್ದು. ಮುಳುಗುಗಾರರು ಒಂದೊಂದೇ ತುಂಡನ್ನು ಮೇಲೆತ್ತಬೇಕು. "ನಾನು ಒಂದಿಷ್ಟು ಕೊಟ್ಟಿದ್ದೇನೆ ಮಾವ, ನೀವೂ ಕೊಡಿ. ತಾತ ಇದ್ದಿದ್ದರೆ ಖಂಡಿತ ಕೊಡುತ್ತಿದ್ದರು" ಎಂದ.

ಅವನು ಕೇಳಿದ ಹಣ ದೊಡ್ಡದೇನಲ್ಲ. ಆದರೂ 'ಆಗಲಿ' ಎನ್ನುವ ಮಾತು ಗಂಟಲಲ್ಲೇ ನಿಂತಿತು. "ಯೋಚಿಸಿ ಹೇಳುತ್ತೇನಪ್ಪ" ಎಂದು ಫೋನಿಟ್ಟೆ. ಆ ಯೋಚನೆಯೇ ಈ ಲೇಖನ.

ಹೊಸ ದೇವಸ್ಥಾನ ಕಟ್ಟಿಸುವುದಕ್ಕಿಂತ ಹಳೆಯದರ ಜೀರ್ಣೋದ್ಧಾರದಲ್ಲಿ ಪುಣ್ಯ ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೆರೆ, ಬಾವಿ, ಛತ್ರ ಯಾವುದಕ್ಕಾದರೂ ಈ ಮಾತು ಸಲ್ಲುತ್ತದೆ. ಊರು ಸುಡಲೆಂದೇ ಕಟ್ಟಿದ ಯಂತ್ರಕ್ಕೂ ಸಲ್ಲುತ್ತದೆಯೇ?

ಈ ಹ್ಯಾಲಿಫ್ಯಾಕ್ಸ್‌ನ ಕಥೆ ಕೇಳಿ. ಇಂಗ್ಲೆಂಡಿನಲ್ಲಿ ಈ ಜಾತಿಯ 6,176 ವಿಮಾನಗಳು ತಯಾರಾದವು. ಯುದ್ಧ ಮುಗಿದ ಮೇಲೆ ಬಹುಪಾಲು ಗುಜರಿಗೆ ಹೋದವು. ನೆನಪಿಗೆಂದು ಒಂದನ್ನಾದರೂ ಇಡಿಯಾಗಿ ಉಳಿಸಿಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ. ಸ್ವೀಡನ್ನಿನ ಕಡಲಲ್ಲಿರುವ ವಿಮಾನದ ಸಂಖ್ಯೆ ಎಚ್.ಆರ್. 871. ಕೆನಡಾದ ದಳಕ್ಕೆ ಸೇರಿದ ಇದು 1943ರ ಆಗಸ್ಟ್ 2ರ ರಾತ್ರಿ ಹ್ಯಾಂಬರ್ಗ್ ನಗರದ ಮೇಲಿನ ದಾಳಿಗೆಂದು ಹೊರಟಿತು. ಅಂದು ಗುಡುಗು ಸಿಡಿಲಿನ ಭಾರಿ ಬಿರುಗಾಳಿ. ಅದಕ್ಕೆ ಸಿಕ್ಕಿ ಕೆಟ್ಟ ವಿಮಾನ ಇಂಗ್ಲೆಂಡಿಗೆ ಮರಳುವ ಸ್ಥಿತಿಯಲ್ಲಿರಲಿಲ್ಲ. ತಟಸ್ಥ ರಾಷ್ಟ್ರವಾಗಿದ್ದ ಸ್ವೀಡನ್ನಿನ ನೆಲದ ಮೇಲೆ ಹುಡುಗರೆಲ್ಲ ಪ್ಯಾರಾಶೂಟಿನಲ್ಲಿ ಹಾರಿ ಬದುಕಿಕೊಂಡರು. ಬರಿದಾದ ವಿಮಾನ ಹೋಗಿ ಸಮುದ್ರಕ್ಕೆ ಬಿತ್ತು.

ಇಷ್ಟೇ ಆದರೆ ರೋಮಾಂಚಕಾರಿಯಾದ ಕಥೆ. ಆದರೆ ಆ ರಾತ್ರಿಯ ದಾಳಿ ಸುಮಾರು ಹತ್ತು ದಿನಗಳ ಸರಣಿಯ ಕೊನೆಯದು. ಜುಲೈ 27ರ ರಾತ್ರಿ ಇದೇ ಸರಣಿಯಲ್ಲಿ ಹ್ಯಾಂಬರ್ಗಿನ ಬೀದಿಗಳಲ್ಲಿ ಬೆಂಕಿಯೇ ಬಿರುಗಾಳಿಯಾಗಿ ಬೀಸಿತ್ತು. ನೆಲಮಾಳಿಗೆಗಳಲ್ಲಿ ಅಡಗಿದ್ದವರು ಉಸಿರಿಗೆ ಗಾಳಿಯಿಲ್ಲದೆ ಅಲ್ಲಲ್ಲೇ ಸತ್ತರು. ಒಟ್ಟು ಸತ್ತವರು 30,000ಕ್ಕೂ ಹೆಚ್ಚು. ಆ ಕಾರ್ಯಾಚರಣೆಗೆ ಕೊಟ್ಟ ಹೆಸರು 'ಗೊಮೊರಾ', ದೈವಕೋಪದಿಂದ ಉರಿದುಹೋಯಿತೆಂದು ಬೈಬಲ್ ಹೇಳುವ ಊರಿನ ಹೆಸರು. ಹೆಸರಿಟ್ಟವರಿಗೆ ತಾವೇನು ಮಾಡಹೊರಟಿದ್ದೇವೆಂಬುದು ಚೆನ್ನಾಗಿಯೇ ತಿಳಿದಿತ್ತು.

ಹಾಗೆಂದು ಆ ಹುಡುಗರನ್ನು ರಾಕ್ಷಸರೆಂದು ಕರೆಯಲು ನನಗೆ ಮನಸ್ಸು ಬಾರದು. ಯುದ್ಧ ಹೂಡಿದವರು ಅವರಲ್ಲ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ, ಸತ್ತವರು 55,573. ಅವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನವರು. ನ್ಯಾಂಟನ್ನಿನ ಸ್ಮಾರಕದ ಕಲ್ಲುಗಳ ಮೇಲೆ ಬಾಂಬರ್ ಕಮಾಂಡಿನಲ್ಲಿ ಸತ್ತ ಕೆನಡಾದ 10,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕೊರೆದಿದ್ದಾರೆ. ಇವರ ಮನೆಯವರಿಗೆ, ಮೊಮ್ಮಕ್ಕಳಿಗೆ ಕೈಯಿಂದ ಮುಟ್ಟಿ ನೋಡಲು ಒಂದು ವಿಮಾನ ಬೇಕೆನ್ನಿಸಿದರೆ ಬೇಡವೆನ್ನಲು ನಾನು ಯಾರು?

ಇನ್ನು 'ತಾತ ಇದ್ದಿದ್ದರೆ' ಎಂಬ ಮಾತು. ನಮ್ಮ ತಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಯುದ್ಧ ಮುಗಿದಾಗ ಬ್ರಿಟಿಷರು ಅಮೆರಿಕದಿಂದ ಎರವಲು ಪಡೆದಿದ್ದ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಹಾರಲಾರದಂತೆ ಕೆಡಿಸಿ ಬಿಟ್ಟುಹೋದರು. 1948ರಲ್ಲಿ, ಕೊಳ್ಳಲು ಹಣವಿಲ್ಲದ ನಮ್ಮ ಹೊಸ ಸರ್ಕಾರದ ಕಣ್ಣು ಆ ರಾಶಿಯ ಮೇಲೆ ಬಿತ್ತು. ಜಮ್‌ಶೆಡ್ ಮುನ್ಷಿ ಎಂಬ ಪರೀಕ್ಷಾ ಪೈಲಟ್, ಅಲ್ಲಿ ಅಷ್ಟಿಷ್ಟು ತೇಪೆ ಹಾಕಿದ ಆ ವಿಮಾನಗಳನ್ನು ಜೀವದ ಹಂಗು ತೊರೆದು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಸುಮಾರು 40 ವಿಮಾನಗಳು ನಮ್ಮವರ ಕೈಯಲ್ಲಿ ಮರುಜನ್ಮ ಪಡೆದು 1968ರವರೆಗೆ ವಾಯುಪಡೆಯಲ್ಲಿ ದುಡಿದವು. ಆಮೇಲೆ ಬ್ರಿಟನ್, ಕೆನಡಾ, ಅಮೆರಿಕಗಳ ಸಂಗ್ರಹಾಲಯದವರು ಬಂದು ಒಂದೊಂದನ್ನು ಒಯ್ದರು. 1989ರಲ್ಲಿ ಅಮೆರಿಕದ ಉತ್ಸಾಹಿಗಳು ಮತ್ತೆ ಹಾರಿಸಿದ ಲಿಬರೇಟರ್ ಕೂಡ ನಮ್ಮ ವಾಯುಪಡೆಯಿಂದ ಹೋದದ್ದೇ.

ಲಿಬರೇಟರಿನ ಹೊಟ್ಟೆಯ ಬಾಗಿಲು ಇತರ ಬಾಂಬರುಗಳಂತೆ ಕೆಳಕ್ಕೆ ತೆರೆದುಕೊಳ್ಳುವುದಲ್ಲ. ಅಂಗಡಿಯ ರೋಲಿಂಗ್ ಶಟರಿನ ಹಾಗೆ ಪಕ್ಕಕ್ಕೆ ಸುತ್ತಿಕೊಂಡು ಮೇಲೇರುವಂಥದು. ಅದು ಎಲ್ಲೂ ತಡೆಯದೆ ಜಾರುವಂತೆ ಮಾಡಿದ್ದು ತಂದೆಯವರಿಗೆ ಬದುಕಿನ ದೊಡ್ಡ ಹೆಮ್ಮೆ. ಊಟಕ್ಕೆ ಕೂತಾಗ ಎಲೆಯ ಪಕ್ಕ ಅಂಗೈ ಬಗ್ಗಿಸಿ ಅದು ಹೇಗೆ ಸುತ್ತಿಕೊಳ್ಳುತ್ತದೆಂದು ತೋರಿಸುತ್ತಿದ್ದರು. ನಾವು ಮಕ್ಕಳೆಲ್ಲ ಬಾಯಿ ತೆರೆದು ನೋಡುತ್ತಿದ್ದೆವು. ಆ ಬಾಗಿಲಿನಿಂದ ಕೆಳಗೆ ಏನು ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೆಲಸಕ್ಕೆಂದು ದೆಹಲಿಗೆ ಬಂದ ಎಷ್ಟೋ ವರ್ಷದ ಮೇಲೆ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ಒಂದು ಲಿಬರೇಟರನ್ನು ಕಂಡಾಗ ಈ ಪ್ರಶ್ನೆ ಮೊದಲ ಸಲ ಹೊಳೆಯಿತು. ಅಷ್ಟು ಹೊತ್ತಿಗೆ ಉತ್ತರ ಕೊಡುವವರು ಇರಲಿಲ್ಲ. ಬರ್ಮಾ, ಸಯಾಂಗಳ ಮೇಲೆ ಬಾಂಬು ಸುರಿಸಿದ ಜಾತಿ ಅದು. ನಮ್ಮ ತಂದೆ ಸಾಧು ಸ್ವಭಾವದವರು, ಮನೆಗೆ ಹಾವು ಬಂದರೂ ಹೊಡೆಯಬೇಡಿ ಎನ್ನುತ್ತಿದ್ದವರು. ಕೈಗೆ ಕಸುಬಿನ ಮೇಲೆ ಪ್ರೀತಿ ಹುಟ್ಟಿದಾಗ ಕಣ್ಣು ಅದರಾಚೆ ನೋಡುವುದನ್ನು ಬಿಡುತ್ತದೆಯೇ? ಅವರನ್ನು ದೂಷಿಸಲಿಕ್ಕೆ ಈ ಮಾತಲ್ಲ. ಆ ಕಾರ್ಖಾನೆಯ ಸಂಬಳದಲ್ಲೇ ನಾನೂ ಓದಿದವನು.

ಹ್ಯಾಲಿಫ್ಯಾಕ್ಸ್‌ಗೇ ಮರಳೋಣ. ಇವರಿಗಿಂತ ಮೊದಲೇ ಬೇರೆ ಬೇರೆ ಉತ್ಸಾಹಿಗಳು ಅಲ್ಲಲ್ಲಿ ಸಿಕ್ಕಿದ ಹ್ಯಾಲಿಫ್ಯಾಕ್ಸ್‌ಗಳಿಗೆ ಬೇರೆ ಬೇರೆ ಗತಿ ಕಾಣಿಸಿದ್ದಾರೆ. ಯಾರ್ಕ್ ನಗರದ ಬಳಿ ಎಲ್ವಿಂಗ್ಟನ್ನಿನಲ್ಲಿರುವುದು ಕೂಡಿಸಿ ಕಟ್ಟಿದ್ದು. ಅದರ ಒಡಲಿನ ಒಂದು ಭಾಗ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ರೈತನೊಬ್ಬನ ಹಿತ್ತಿಲಲ್ಲಿ ಕೋಳಿಗೂಡಾಗಿತ್ತು! ರೆಕ್ಕೆ ಮತ್ತೊಂದು ಜಾತಿಯ ವಿಮಾನದ್ದು, ಎಂಜಿನುಗಳು ಫ್ರಾನ್ಸಿನಿಂದ ಬಂದವು. ಇದನ್ನು ಮೋಸವೆನ್ನುವವರೂ ಇದ್ದಾರು; ನನಗಂತೂ ಕೋಳಿಗೂಡಿನ ಸಂಗತಿಯೇ ಬಹಳ ಹಿಡಿಸಿತು. ಇಷ್ಟು ವಿಮಾನಗಳಲ್ಲಿ ಸಾಧುವಾದ ಕೆಲಸಕ್ಕೆ ಒದಗಿದ್ದು ಅದೊಂದೇ ಇರಬೇಕು.

ಕೆನಡಾದ ಟ್ರೆಂಟನ್ನಿನಲ್ಲಿರುವುದನ್ನು 1995ರಲ್ಲಿ ನಾರ್ವೆಯ ಆಳವಾದ ಸರೋವರವೊಂದರಿಂದ ಎತ್ತಿ, ಹತ್ತು ವರ್ಷ ದುಡಿದು, ಹೊಚ್ಚಹೊಸದಂತೆ ಮಾಡಿ ನಿಲ್ಲಿಸಿದರು. ನಾರ್ವೆಯ ಪ್ರತಿರೋಧ ಪಡೆಗೆ ಸಾಮಗ್ರಿ ಇಳಿಸಿ ಮರಳುವಾಗ 1945ರ ಏಪ್ರಿಲಿನಲ್ಲಿ ಗುಂಡಿಗೆ ಬಿದ್ದದ್ದು ಅದು. ಒಳಗಿದ್ದ ಆರು ಜನರಲ್ಲಿ ಉಳಿದವನು ಒಬ್ಬನೇ.

ಮೂರನೆಯದು ಲಂಡನ್ನಿನ ಹೆಂಡನ್ ಸಂಗ್ರಹಾಲಯದಲ್ಲಿದೆ. 1942ರಲ್ಲಿ ಜರ್ಮನರ ಯುದ್ಧನೌಕೆಯೊಂದರ ಮೇಲೆ ದಾಳಿಗೆ ಹೋಗಿ ಏಟು ತಿಂದು, ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲಿಳಿದು, ಮಂಜು ಕರಗಿ ಮುಳುಗಿದ್ದು. 1973ರಲ್ಲಿ ಅದನ್ನು ಮೇಲೆತ್ತಿದವರು ಬಹುಮಟ್ಟಿಗೆ ಸಿಕ್ಕಿದ ಸ್ಥಿತಿಯಲ್ಲೇ ಬಿಟ್ಟಿದ್ದಾರೆ. ತುಕ್ಕು, ಸೀಳಿದ ತಗಡು, ಮುದುಡಿದ ಮೂತಿ ಹಾಗೆಯೇ ಇವೆ. ನನ್ನ ಓಟು ಇದಕ್ಕೆ. ಬಣ್ಣ ಬಳಿದ ವಿಮಾನದ ಮುಂದೆ 'ಆಹಾ, ಎಷ್ಟು ಚೆನ್ನಾಗಿದೆ!' ಎನ್ನಬಹುದು. ಈ ಅಸ್ಥಿಪಂಜರದ ಮುಂದೆ ಆ ಮಾತು ಬಾಯಿಗೆ ಬರಲಾರದು.

ನಮ್ಮಲ್ಲಿಯೂ ಕಾದಿ ಸತ್ತವರ ಸ್ಮಾರಕಗಳಿಗೆ ಕೊರತೆಯೇ? ಕನ್ನಡನಾಡಿನ ಊರೂರಲ್ಲೂ ವೀರಗಲ್ಲುಗಳಿವೆ. ಮೇಲಿನ ಪಟ್ಟಿಕೆಯಲ್ಲಿ ವೀರ ದೇವರ ಸನ್ನಿಧಿಯಲ್ಲಿರುತ್ತಾನೆ, ನಡುವೆ ಅಪ್ಸರೆಯರು ಅವನನ್ನು ಹೊತ್ತೊಯ್ಯುತ್ತಾರೆ. ಆದರೆ ಕೆಳಗಿನ ಪಟ್ಟಿಕೆಯನ್ನು ಶಿಲ್ಪಿ ಬಿಡುವುದಿಲ್ಲ. ಅಲ್ಲಿ ಕಾಳಗವಿದೆ, ಎಷ್ಟೋ ಕಲ್ಲುಗಳಲ್ಲಿ ವೀರನ ಕಾಲಡಿ ಬಿದ್ದವರೂ ಇದ್ದಾರೆ. ಥಳಥಳಿಸುವ ಬಾಂಬರುಗಳನ್ನು ಕಂಡಾಗ ಕಾಡುವ ಕೊರತೆ ಇದೇ ಇರಬಹುದು: ಕೆಳಗಿನ ಪಟ್ಟಿಕೆಯಿಲ್ಲದ ವೀರಗಲ್ಲು.

ಆ ಪಟ್ಟಿಕೆಯನ್ನು ಕೆತ್ತಿದ ಒಂದು ಉದಾಹರಣೆಯೂ ಹ್ಯಾಲಿಫ್ಯಾಕ್ಸ್‌ನಿಂದಲೇ ಬಂದಿದೆ. 1944ರ ಮೇ ತಿಂಗಳಲ್ಲಿ ಬೆಲ್ಜಿಯಮ್ಮಿನ ಜೌಗು ನೆಲದಲ್ಲಿ ಹೂತುಹೋದ ವಿಮಾನವೊಂದನ್ನು 1997ರಲ್ಲಿ ಅಗೆದು ತೆಗೆದಾಗ ಒಳಗೆ ಮೂವರ ಅವಶೇಷ ಸಿಕ್ಕಿತು. ಅವರಿಗೆ ಗೌರವದಿಂದ ಸಂಸ್ಕಾರ ಮಾಡಿದರು. ವಿಮಾನದ ಅಲ್ಯುಮಿನಿಯಮ್ಮಿನಲ್ಲಿ ಒಂದಿಷ್ಟನ್ನು ಕರಗಿಸಿ, 2012ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡಿನ ಸ್ಮಾರಕ ಎದ್ದಾಗ ಅದರ ಚಾವಣಿಗೆ ಬಳಸಿದರು. ತಮ್ಮವರ ಜೊತೆಗೆ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶದವರನ್ನೂ ನೆನೆಯುವ ಮಾತು ಆ ಸ್ಮಾರಕದಲ್ಲಿ ಕೆತ್ತಿದೆ.

ಅಕ್ಕನ ಮಗನಿಗೆ ಅವನು ಹೇಳಿದ್ದರಲ್ಲಿ ಅರ್ಧ ಹಣ ಕಳಿಸಿದ್ದೇನೆ. ಜೊತೆಗೊಂದು ಕಾಗದವನ್ನೂ ಬರೆದೆ: "ವಿಮಾನ ಎದ್ದು ನಿಂತ ದಿನ ಅದರ ಮುಂದೆ ಫಲಕವೊಂದನ್ನು ಇಟ್ಟೇ ಇಡುತ್ತಾರೆ. ಆ ರಾತ್ರಿ ಅದು ಯಾವ ಊರಿಗೆ ಹೊರಟಿತ್ತು, ಆ ಊರಿಗೆ ಆ ಹತ್ತು ದಿನಗಳಲ್ಲಿ ಏನಾಯಿತು ಎಂಬುದನ್ನೂ ಅದರಲ್ಲಿ ಬರೆಯುತ್ತಾರೆಯೇ, ವಿಚಾರಿಸಿ ತಿಳಿಸು. ಉಳಿದರ್ಧ ಆಮೇಲೆ ನೋಡೋಣ." ಉತ್ತರ ಇನ್ನೂ ಬಂದಿಲ್ಲ. ಬಂದರೆ ಓದುಗರಿಗೆ ತಿಳಿಸುತ್ತೇನೆ.